ಮುಂದಿನ ಕೋಣೆಯ ಮಹಾಚುನಾವಣೆ

ದೇಶದಲ್ಲಿ ಎಷ್ಟು ಪಕ್ಷಗಳಿದ್ದರೇನು, ಮನೆಯಲ್ಲಿ ಮಾತ್ರ ಒಂದೇ ಪಕ್ಷದ ಆಡಳಿತ! ಕನ್ನಡಕದಂಗಡಿ ಯಜಮಾನನ ಬಹುಕಾಲದ ಕೊರಗು ಇದು. ಮದುವೆಯಾದಂದಿನಿಂದ ಅಧಿಕಾರವೆಲ್ಲ ಹೆಂಡತಿಯ ಕೈಯಲ್ಲಿ. ಇವನು ಖಾಯಂ ವಿರೋಧಪಕ್ಷ. (ವಿರೋಧಪಕ್ಷಕ್ಕೆ ಸಭಾತ್ಯಾಗದ ಹಕ್ಕಾದರೂ ಇರುತ್ತದೆ. ಇವನು ಸಿಟ್ಟಿನಿಂದ ಎದ್ದು ಹೊರಟರೆ, "ಹೋಗ್ತಾ ಆ ಕಸದ ಬುಟ್ಟಿ ತಗೊಂಡ್ಹೋಗಿ" ಎಂಬ ಆಜ್ಞೆ ಬೆನ್ನ ಹಿಂದೆಯೇ ಬರುತ್ತಿತ್ತು.)

ಮನೆಯಲ್ಲಿ ಇದ್ದದ್ದು ಐದು ಮತ. ಯಾವ ವಿಷಯಕ್ಕೇ ಆಗಲಿ ಹೆಂಡತಿ, ಅವಳ ತಮ್ಮ, ಕಾನೂನು ಓದುತ್ತಿದ್ದ ಮಗಳು ಒಂದು ಕಡೆ. ಇವನೂ ಇವನ ಅಮ್ಮನೂ ಇನ್ನೊಂದು ಕಡೆ. ಅಮ್ಮನ ಮತದ ಬಗ್ಗೆ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಹಾಗಾಗಿ ಕೇಳುವ ಗೋಜಿಗೂ ಹೋದವನಲ್ಲ. "ನಾನೂ ಅಮ್ಮನೂ ಇದಕ್ಕೆ ಒಪ್ಪೋದಿಲ್ಲ" ಎಂದು ಗುಡುಗುತ್ತಿದ್ದ. ತಾನು ಯಾವುದಕ್ಕೆ ಒಪ್ಪುತ್ತಿಲ್ಲವೆಂಬುದು ಒಳಕೋಣೆಯಲ್ಲಿ ಕೂತ ಅಮ್ಮನಿಗೇ ಗೊತ್ತಿರುತ್ತಿರಲಿಲ್ಲ.

ಹೀಗಿರುವಾಗ ಮುಂದಿನ ಕೋಣೆ ಖಾಲಿಯಾಯಿತು. ಇಷ್ಟು ದಿನ ಅಲ್ಲಿ ತುಂಬಿದ್ದ ಕನ್ನಡಕದ ಚೌಕಟ್ಟುಗಳ ಡಬ್ಬಿಗಳೆಲ್ಲ ಅಂಗಡಿಯ ಹೊಸ ಅಟ್ಟಕ್ಕೆ ಹೋದವು. ಬೀದಿಗೆ ತೆರೆಯುವ ದೊಡ್ಡ ಕಿಟಕಿ, ಒಳ್ಳೆಯ ಗಾಳಿ. ಒಂದು ಆರಾಮಕುರ್ಚಿ, ಕೈಯಲ್ಲಿ ಪತ್ರಿಕೆ, ಮುಚ್ಚಿದ ಬಾಗಿಲು: ಯಜಮಾನನಿಗೆ ಬೇಕಾದದ್ದು ಇಷ್ಟೇ. ಹೆಂಡತಿಗೆ ಹೊಲಿಗೆ ಯಂತ್ರ ಇಡಲು ಜಾಗ ಬೇಕಿತ್ತು. ಮತಕ್ಕೆ ಹಾಕಿದರೆ ಸೋಲು ಕಟ್ಟಿಟ್ಟದ್ದು.

ದಾರಿ ತೋರಿಸಿದವರು ಅಂಗಡಿಗೆ ಕಣ್ಣು ಪರೀಕ್ಷೆಗೆ ಬಂದ ನಿವೃತ್ತ ಮೇಷ್ಟ್ರು. ಯಜಮಾನ ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ ಸಾರ್, ಇದಾ?" ಎಂದ.

"ಪೆಟ್ಟಿಗೆ ತುಂಬ ಗಾಜಿಟ್ಕೊಂಡು ಎರಡೇ ತೋರಿಸಿದ್ರೆ ಹೇಗ್ರೀ? ಎರಡೂ ಮಸುಕು ಅಂದ್ರೂ ಒಂದನ್ನ ಹೌದು ಅನ್ನಬೇಕಾಗುತ್ತೆ. ಪ್ರಜಾಪ್ರಭುತ್ವಾನೂ ಹಾಗೇ. ಪಕ್ಷಗಳು ಹೆಚ್ಚಿದ್ರೆ ಬಾಯಿಲ್ಲದವರ ಮನಸ್ಸಲ್ಲಿರೋದೂ ಹೊರಗೆ ಬರುತ್ತೆ. ಮತ ಒಡೆದು ಹೋಗುತ್ತೆ ಅನ್ನೋದೊಂದೇ ತೊಂದರೆ."

ಮೇಷ್ಟ್ರು ಹೇಳಿದ ಲಾಭವನ್ನು ಅಂಗಡಿಯಲ್ಲೇ ಬಿಟ್ಟು, ತೊಂದರೆಯನ್ನು ಮಾತ್ರ ಜೋಪಾನವಾಗಿ ಕಟ್ಟಿಕೊಂಡು ಯಜಮಾನ ಮನೆಗೆ ಬಂದ. ಒಡೆಯಬೇಕು! ಭಾವಮೈದ ಒಂದು ಪಕ್ಷ, ಮಗಳು ಒಂದು ಪಕ್ಷ ಕಟ್ಟಿದರೆ ಹೆಂಡತಿಗೆ ಉಳಿಯುವುದು ಅವಳದೊಂದೇ ಮತ. ತನಗೆ ಎರಡು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಭಾನುವಾರ ಬೆಳಿಗ್ಗೆ ಮಹಾಸಭೆ ಸೇರಿತು. "ಇನ್ಮೇಲೆ ಈ ಮನೇಲಿ ಯಾರು ಬೇಕಾದ್ರೂ ಪಕ್ಷ ಕಟ್ಟಬಹುದು!" ಎಂದು ಯಜಮಾನ ಘೋಷಿಸಿದ.

"ಮೊದ್ಲು ಆ ಸೋರೋ ನಲ್ಲಿಗೆ ಬಟ್ಟೆ ಕಟ್ರೀ" ಎಂದಳು ಹೆಂಡತಿ.

ಉಪಾಯವೇನೋ ಫಲಿಸಿತು. ಭಾವಮೈದ ಗಿಟಾರ್ ಅಭ್ಯಾಸಕ್ಕೆ ಕೋಣೆ ಬೇಕೆಂದು ಕೈಯೆತ್ತಿದ. ಮಗಳು ಗೆಳತಿಯರ ಜೊತೆ ಓದಲು ಬೇಕೆಂದು ಕೈಯೆತ್ತಿದಳು. ಹೆಂಡತಿಯದು ಒಂಟಿ ಕೈ. ಯಜಮಾನ ಗೆಲುವಿನ ನಗೆಯೊಂದಿಗೆ ತನ್ನ ಕೈಯೆತ್ತಿ ಅಮ್ಮನ ಕಡೆ ತಿರುಗಿದ. ಅಮ್ಮನ ಕೈ ಮಡಿಲಲ್ಲೇ ಇತ್ತು.

"ಕೈಯೆತ್ತಮ್ಮ."

"ಯಾರಿಗೋ?"

"ನಮ್ಮ ಪಕ್ಷಕ್ಕೆ!"

"ಯಾರು ಬೇಕಾದ್ರೂ ಪಕ್ಷ ಕಟ್ಟಬಹುದು ಅಂದ್ಯಲ್ಲ, ನಂದೂ ಒಂದಿರಲಿ" ಎಂದಳು ಅಮ್ಮ, ಮೆಲ್ಲಗೆ. "ಆ ಕಿಟಕಿ ಹತ್ರ ನನ್ನ ಮಂಚ ಹಾಕಿದ್ರೆ ಬೀದೀಲಿ ಹೋಗೋ ಬರೋರನ್ನ ನೋಡಬಹುದಿತ್ತು. ಒಳಗೆ ಬರೀ ಗೋಡೆ."

"ಮೊದಲೇ ಹೇಳಬಾರದಿತ್ತಾ?"

"ಮೊದ್ಲು ಯಾರು ಕೇಳಿದ್ರು?"

ಹೆಂಡತಿ ತಟ್ಟನೆ ಕೈ ಇಳಿಸಿದಳು. "ನನ್ನ ಪಕ್ಷ ಅತ್ತೆ ಪಕ್ಷದಲ್ಲಿ ವಿಲೀನ. ಯಂತ್ರ ಎಲ್ಲಾದ್ರೂ ಇಟ್ಕೋತೀನಿ."

ಆಗಲೇ ಯಜಮಾನ ತನ್ನ ಕೈಯನ್ನೂ ಇಳಿಸಿಬಿಟ್ಟಿದ್ದರೆ ಈ ಕಥೆ ಅಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು. ಎದೆಯೊಳಗೆ ಏನೋ ಚುಚ್ಚಿದ್ದೂ ನಿಜ. ಆದರೆ ಚುನಾವಣೆಯ ಜ್ವರ ಸಾಮಾನ್ಯ ಜ್ವರವಲ್ಲ. ಅವನು ಭಾವಮೈದನನ್ನೂ ಮಗಳನ್ನೂ ಹಿತ್ತಲಿಗೆ ಕರೆದೊಯ್ದು ಗುಸುಗುಸು ಮಾಡಿ ಬಂದ. ಬೆಳಿಗ್ಗೆ ಮಗಳಿಗೆ, ಸಂಜೆ ಗಿಟಾರಿಗೆ, ಮಿಕ್ಕ ವೇಳೆ ಮುಖ್ಯಸ್ಥನಾದ ತನಗೆ. ಈ ಕಡೆ ಮೂರು, ಆ ಕಡೆ ಎರಡು! ಸಮ್ಮಿಶ್ರ ಸರ್ಕಾರ ಅಸ್ತಿತ್ವಕ್ಕೆ ಬಂತು.

"ಗೆದ್ಯಲ್ಲ, ಇರಲಿ ಬಿಡು" ಎಂದು ಅಮ್ಮ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಯಜಮಾನ ಯಾಕೋ ಕನ್ನಡಕ ತೆಗೆದು ಒರೆಸಿಕೊಂಡ.

ಅಧಿಕಾರದ ಸುಖ ಆಮೇಲೆ ತಿಳಿಯಿತು. ಬೆಳಿಗ್ಗೆ ಕೋಣೆ ತುಂಬ ಭಾವೀ ವಕೀಲೆಯರ ವಾದ. ಸಂಜೆ ಅದೇ ಅರ್ಧ ಹಾಡು, ತಪ್ಪಿದಲ್ಲೇ ಮತ್ತೆ ತಪ್ಪುತ್ತ. ಮಿಕ್ಕ ವೇಳೆ ಎಂದರೆ ಮಧ್ಯಾಹ್ನ. ಆಗ ಇವನು ಅಂಗಡಿಯಲ್ಲಿ. ಒಂದು ಮಾತಾಡಿದರೆ ಸಾಕು, "ಭಾವ, ಬೆಂಬಲ ವಾಪಸ್ ತಗೋತೀನಿ ನೋಡಿ" ಎಂದು ಭಾವಮೈದ ತಂತಿ ಮೀಟುತ್ತಿದ್ದ.

ಒಂದು ಸಂಜೆ ಯಜಮಾನ ಅಮ್ಮನಿಗೆ ಹೊಸ ಕನ್ನಡಕ ಮಾಡಿಸಿ ತಂದ. ತಾನೇ ಕಿವಿಗೆ ಸಿಕ್ಕಿಸಿ, "ಹೇಗಿದೆಯಮ್ಮ?" ಎಂದ.

ಅಮ್ಮ ಎದುರಿನ ಗೋಡೆಯನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. "ಚೆನ್ನಾಗಿದೆ ಕಣೋ. ಬಿರುಕೆಲ್ಲ ಸ್ಪಷ್ಟ ಕಾಣುತ್ತೆ."

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಊರಿಗೆಲ್ಲ ಕಣ್ಣು ಕೊಡುವವನು ಹೆತ್ತವಳಿಗೆ ನೋಡಲು ಕೊಟ್ಟದ್ದು ಒಂದು ಗೋಡೆ.

ಮಾರನೆಯ ದಿನ ಅಂಗಡಿಯಿಂದ ಬೇಗ ಬಂದವನೇ ತನ್ನ ಸರ್ಕಾರವನ್ನು ತಾನೇ ಕೆಡವಿದ. "ನಾನು ಅಮ್ಮನ ಪಕ್ಷ ಸೇರಿದ್ದೀನಿ. ನಾವೀಗ ಮೂವರು. ಕೋಣೆ ಖಾಲಿ ಮಾಡಿ!"

"ಪಕ್ಷಾಂತರಿ!" ಎಂದು ಭಾವಮೈದ ಗಿಟಾರ್ ಎತ್ತಿಕೊಂಡು ಹೊರಟ. ಮಗಳು ಪುಸ್ತಕಗಳನ್ನು ಅವುಚಿಕೊಂಡು, "ಅಪ್ಪ, ಇದು ನಂಬಿಕೆದ್ರೋಹ" ಎಂದು ತೀರ್ಪು ಕೊಟ್ಟಳು.

ಯಜಮಾನ ಬೆವರು ಸುರಿಸಿ ಕೋಣೆ ಒರೆಸಿದ. ಕಿಟಕಿಯ ಗಾಜು ಉಜ್ಜಿದ. ಅಮ್ಮನನ್ನು ಕರೆತರಲು ಒಳಕೋಣೆಗೆ ಓಡಿದರೆ ಅಲ್ಲಿ ಅಮ್ಮನೂ ಇಲ್ಲ, ಮಂಚವೂ ಇಲ್ಲ!

ಅಡುಗೆಮನೆಯ ಹಿಂದಿನ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಕಟಕಟ ಎನ್ನುತ್ತಿತ್ತು. ಅದರ ಪಕ್ಕದಲ್ಲೇ ಮಂಚ. ಸೊಸೆ ಹೊಲಿದ ಬಟ್ಟೆಗೆ ಅಮ್ಮ ಗುಂಡಿ ಹಚ್ಚುತ್ತ ಯಾವುದೋ ಮಾತಿಗೆ ನಗುತ್ತಿದ್ದಳು. ಅಮ್ಮ ಅಷ್ಟು ನಕ್ಕದ್ದನ್ನು ಅವನು ನೋಡಿ ಬಹಳ ಕಾಲವಾಗಿತ್ತು.

"ಅಮ್ಮ, ಬಾ. ಕಿಟಕಿ ಕೋಣೆ ನಿಂದೇ!"

"ಬೇಡ್ವೋ. ಮಧ್ಯಾಹ್ನ ಇವಳೂ ಇವಳ ತಮ್ಮನೂ ಮಂಚ ಇಲ್ಲಿಗೆ ಹಾಕಿಕೊಟ್ರು. ಇಲ್ಲಿ ಬೀದಿ ಕಾಣದಿದ್ರೂ ಮಾತಿಗೆ ಜನ ಇದೆ. ಅಲ್ಲಿಗೆ ಬಂದು ಒಬ್ಬಳೇ ಏನ್ ಮಾಡ್ಲಿ?"

"ನಿನಗೋಸ್ಕರ ಸರ್ಕಾರಾನೇ ಬೀಳಿಸಿದೆನಲ್ಲಮ್ಮ!"

"ಅಯ್ಯೋ ಪೆದ್ದೇ, ಬೀಳಿಸೋಕೆ ಮುಂಚೆ ಒಂದು ಮಾತು ಕೇಳೋದಲ್ವೇನೋ?"

ಭಾವಮೈದನೂ ಮಗಳೂ ಆಗಲೇ ಆ ಮಂಚದ ಅಂಚಿಗೆ ಬಂದು ಕೂತಿದ್ದರು. ಯಜಮಾನನಿಗೆ ಕೂರಲು ಜಾಗವಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಮುಂದಿನ ಕೋಣೆ ಪೂರ್ತಿ ಅವನದೇ ಆಗಿತ್ತು. ಹೋಗಿ ಬಾಗಿಲು ಮುಚ್ಚಿಕೊಂಡು ಕೂರಲು ಕಾಲೇ ಬರಲಿಲ್ಲ.

"ಅಮ್ಮ," ಎಂದ ಕೊನೆಗೆ, "ಮುಂದಿನ ಸಲ ನಿನ್ನ ಮತ ಯಾರಿಗೆ?"

ಜನ್ಮದಲ್ಲಿ ಮೊದಲ ಬಾರಿಗೆ ಅವನು ಅದನ್ನು ಕೇಳಿದ್ದ. ಅಮ್ಮ ಸೂಜಿಗೆ ದಾರ ಪೋಣಿಸಿ, ಹೊಸ ಕನ್ನಡಕದ ಮೇಲಿಂದ ಮಗನನ್ನು ನೋಡಿ, ಸೊಸೆಯ ಕಡೆ ಕಣ್ಣು ಮಿಟುಕಿಸಿದಳು.

"ಅದನ್ನೆಲ್ಲ ಹೇಳಬಾರದು ಕಣೋ. ಗುಪ್ತ."