ನಮ್ಮ ನಾಯಿಯ ಮೈಮೇಲೆ ಸಿಗದೇ ಹೋದ ಉಣ್ಣಿಯವರಿಗೆ

ಸಂಜೆ ಆರೂಕಾಲು. ಬೆಳಿಗ್ಗೆಯಿಂದ ಪಶುವೈದ್ಯೆಯ ಬಾಗಿಲ ಬೆಂಚಿನ ಮೇಲೆ ಕೂತದ್ದು, ಮಧ್ಯಾಹ್ನ ನಾಯಿಗೆ ಮಾತ್ರೆ ನುಂಗಿಸಿದ್ದು, ಆಮೇಲೆ ತಮ್ಮ ಕ್ಷಮೆ ಕೇಳಬೇಕೆನ್ನಿಸಿದ್ದು. ಇವತ್ತಿನ ದಿನ ಇಷ್ಟೇ.

ಮಾನ್ಯ ಉಣ್ಣಿಯವರೇ,

ತಾವು ಈಗ ಯಾರ ಕಿವಿಯ ಯಾವ ಮಡಿಕೆಯಲ್ಲಿ ಬಿಡಾರ ಹೂಡಿದ್ದರೂ ಅಲ್ಲಿಗೇ ನನ್ನ ವಿನಯಪೂರ್ವಕ ನಮಸ್ಕಾರಗಳು. ತಮ್ಮ ಹಸಿವೂ ಸಂಸಾರವೂ ಕ್ಷೇಮವೆಂದು ನಂಬಿದ್ದೇನೆ.

ಮೂರು ದಿನದ ಹಿಂದೆ ನಮ್ಮ ನಾಯಿ ದೊರೆಸಾನಿ ಮೆಟ್ಟಿಲು ಹತ್ತುತ್ತಾ ನಡುವೆಯೇ ಕುಳಿತುಬಿಟ್ಟಳು. ಒಸಡು ಸುಣ್ಣದಂತೆ ಬೆಳ್ಳಗೆ, ಕಣ್ಣಿನ ಬಿಳಿಭಾಗ ಹಳದಿ, ಮೂತ್ರ ಹಾಲು ಹಾಕದ ಚಹಾದ ಬಣ್ಣ. ರಕ್ತದಲ್ಲಿ ನೂರಕ್ಕೆ ನಲವತ್ತು ಪಾಲಿನಷ್ಟು ಇರಬೇಕಾದ ಕೆಂಪುಕಣ ಹದಿನಾಲ್ಕಕ್ಕೆ ಇಳಿದಿದೆ ಎಂದು ವೈದ್ಯೆ ಹೇಳಿದ್ದೇ ತಡ, ನಾವೆಲ್ಲ ಒಮ್ಮತದಿಂದ ತಮ್ಮ ಹೆಸರನ್ನು ಎತ್ತಿದೆವು. ನನ್ನ ನಾದಿನಿ ಹುಬ್ಬು ಕೀಳುವ ಚಿಮಟ ಹಿಡಿದು, ಮಾವನವರು ಪತ್ರಿಕೆ ಓದುವ ಭೂತಗನ್ನಡಿ ಹಿಡಿದು, ಬಾಲದಿಂದ ಬೆರಳಸಂದಿಯವರೆಗೆ ತಮ್ಮನ್ನು ಹುಡುಕಿದ ಶ್ರದ್ಧೆಯಲ್ಲಿ ಕಾಲುಭಾಗವನ್ನು ನಾವು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದಕ್ಕೆ ಬಳಸಿದ್ದರೆ ಈ ಮನೆ ಯಾವತ್ತೋ ಉದ್ಧಾರವಾಗುತ್ತಿತ್ತು.

ವೈದ್ಯೆ ಮಾತ್ರ ಆತುರಪಡಲಿಲ್ಲ. "ಇದು ಕಳ್ಳನ್ನ ಹಿಡಿಯೋ ಕೆಲಸ ಅಲ್ಲ ಸಾರ್, ಇವರ್ಯಾರೂ ಕಳ್ಳರಲ್ಲ ಅಂತ ಒಬ್ಬೊಬ್ಬರನ್ನೇ ಬಿಡುಗಡೆ ಮಾಡ್ತಾ ಹೋಗೋ ಕೆಲಸ" ಎಂದವರು, ನಾಯಿಯ ರಕ್ತ ಕೆಡಿಸುವ ಈರುಳ್ಳಿ ತಿಂದಿತ್ತೇ, ಲೋಹದ ಚೂರು ನುಂಗಿತ್ತೇ ಎಂದು ಕೇಳಿದರು. ಆಗ ಹೊರಬಿತ್ತು ನೋಡಿ. ನಾದಿನಿ ನೆಲ ನೋಡುತ್ತಾ, "ಭಾವ, ಆಮ್ಲೆಟ್‌ನಲ್ಲಿ ಒಂದೇ ಒಂದು ಚೂರು, ಅದೂ ಹಂಗೆ ನೋಡ್ತಿತ್ತು ಅಂತ" ಎಂದಳು. ಮಾವನವರು ಕೆಮ್ಮಿ, "ಮಗಳ ಡಬ್ಬಿಯಲ್ಲಿ ಒಂದು ಗುಂಡಿ ಕಮ್ಮಿ ಇದೆ, ಹೇಳ್ಬೇಕು ಅಂತಿದ್ದೆ" ಎಂದರು. ಆ ಡಬ್ಬಿ ನನ್ನ ಹೆಂಡತಿಯದು. ಅವಳು ಬಟ್ಟೆ ಹೊಲಿಯುತ್ತಿದ್ದಳು. ದೊರೆಸಾನಿಯನ್ನು ತಂದು ಸಾಕಿದವಳೂ ಅವಳೇ. ಡಬ್ಬಿಯನ್ನು ಮಾವನವರು ದಿನಾ ಎಣಿಸುತ್ತಾರೆಂದು ನನಗೆ ಆ ದಿನವೇ ಗೊತ್ತಾದದ್ದು.

ಎಕ್ಸರೇಯಲ್ಲಿ ಗುಂಡಿ ಕಾಣಲಿಲ್ಲ. ಒಂದು ಚೂರು ಈರುಳ್ಳಿಗೆ ಇಷ್ಟು ದೊಡ್ಡ ನಾಯಿ ಹೀಗಾಗುವುದಿಲ್ಲವಂತೆ. ತಾವು ಹರಡುವ ಜ್ವರಗಳ ಪರೀಕ್ಷೆಯೂ ಇವತ್ತು ಬಂತು, ತಮ್ಮದೇನೂ ತಪ್ಪಿಲ್ಲ. ಮೊದಲ ದಿನವೇ ವೈದ್ಯೆ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತಕ್ಕೆ ನಾಲ್ಕು ಹನಿ ಉಪ್ಪುನೀರು ಬೆರೆಸಿ ಓರೆಮಾಡಿ ತೋರಿಸಿದ್ದರು. ಸುಮ್ಮನೆ ಅಂಟಿಕೊಂಡ ಕಣಗಳಾದರೆ ಬಿಟ್ಟುಕೊಳ್ಳುತ್ತವಂತೆ. ಇವು ಕೆಂಪು ರವೆಯಂತೆ ಗಂಟಾಗಿಯೇ ನಿಂತವು. ಮೈ ಕಾಯಬೇಕಾದ ಕಾವಲುಪಡೆಯೇ ಸ್ವಂತ ರಕ್ತವನ್ನು ವೈರಿಯೆಂದು ತಿಳಿದು ಒಡೆಯುತ್ತಿದೆ. ಯಾಕೆ ಎಂದು ಕೇಳಿದರೆ, "ಒಂದೊಂದ್ಸಲ ಕಾರಣ ಸಿಗಲ್ಲ ಸಾರ್" ಎಂದರು. ಬೆಕ್ಕುಗಳಾಗಿದ್ದರೆ ಹಿಂದೆ ಇನ್ನೊಂದು ರೋಗ ಅಡಗಿ ಕೂತಿರುವುದೇ ಹೆಚ್ಚಂತೆ. ಬೆಕ್ಕು ಸಾಕಿದವರು ಅದೃಷ್ಟವಂತರು, ಬಯ್ಯಲು ಯಾರಾದರೂ ಸಿಗುತ್ತಾರೆ.

ಆ ಕಾವಲುಪಡೆಗೇ ದೂರು ಬರೆಯೋಣವೆಂದರೆ ವಿಳಾಸ ದೊರೆಸಾನಿಯದೇ ಆಗುತ್ತದೆ. ಅವಳ ಮೇಲೆ ದೂರು ಬರೆಯಲು ನನಗೆ ಕೈ ಬಾರದು. ಆದ್ದರಿಂದ ತಮ್ಮಲ್ಲಿ ಒಂದು ಸಣ್ಣ ವಿನಂತಿ. ತಮ್ಮ ಪೈಕಿ ಹಿರಿಯರೊಬ್ಬರು ನಾಳೆ ಬೆಳಗಾಗುವುದರೊಳಗೆ ಅವಳ ಎಡಗಿವಿಗೆ ದಯಮಾಡಿಸಿ, ಕಳೆದ ವಾರದಿಂದಲೂ ಅಲ್ಲಿಯೇ ಇದ್ದುದಾಗಿ ಒಪ್ಪಿಕೊಳ್ಳಬೇಕು. ಕಳೆದ ವರ್ಷ ನನ್ನ ಹೆಂಡತಿಯ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ನಾನು ಇದೇ "ಯಾಕೆ"ಯನ್ನು ಕೇಳಿದ್ದೆ, ಇದೇ ಉತ್ತರ ಬಂದಿತ್ತು. ಒಂದೇ ಮನೆಗೆ ಎರಡು ಸಲ ಒಂದೇ ಉತ್ತರ ಕೊಡುವುದು ಸರಿಯಲ್ಲವೆಂದು ತಮ್ಮಂಥ ಸಹೃದಯರಿಗೆ ಬಿಡಿಸಿ ಹೇಳಬೇಕಿಲ್ಲ.

ತಮ್ಮನ್ನು ಅನುಮಾನಿಸಿ ಸೋತ,
ತಮ್ಮ ವಿಶ್ವಾಸಿ

ಮರೆತಿದ್ದೆ: ಈ ಕ್ಷಮಾಪಣೆ ಈ ಒಂದು ಆರೋಪಕ್ಕೆ ಮಾತ್ರ. ನಾದಿನಿ ಚಿಮಟವನ್ನು ಇನ್ನೂ ಒಳಗಿಟ್ಟಿಲ್ಲ, ದಯಮಾಡಿಸುವವರು ಅದನ್ನು ಗಮನದಲ್ಲಿಟ್ಟುಕೊಂಡೇ ಬರುವುದು. ಕೆಂಪುಕಣ ಹನ್ನೆರಡಕ್ಕಿಂತ ಕೆಳಗಿಳಿದರೆ ಬೇರೆ ನಾಯಿಯ ರಕ್ತ ಕೊಡಬೇಕಂತೆ. ನಾಳೆ ಒಂಬತ್ತಕ್ಕೆ ಮತ್ತೆ ಎಣಿಸುತ್ತಾರೆ.