ಕೆಂಪಣ್ಣನ ಪೇಟ, ಗೌರಿಯ ಒದೆ

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ಬಂದು ‘ಮೇಷ್ಟ್ರೇ, ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದುಕೊಡಿ’ ಅಂದರೆ ಇಲ್ಲ ಅನ್ನಲು ಬಾಯೇ ಬರುವುದಿಲ್ಲ. ಇಸ್ಪೀಟು, ನಶ್ಯ ಇಂಥ ಚಟಗಳಿರುವ ಗಂಡಂದಿರನ್ನು ಹೆಂಡತಿಯರು ಹೇಗೋ ದಾರಿಗೆ ತರುತ್ತಾರೆ. ಅರ್ಜಿ ಬರೆಯುವ ಚಟಕ್ಕೆ ಮಾತ್ರ ಮದ್ದಿಲ್ಲ. ಮದ್ದೂರಿನ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ತರಗತಿಯಲ್ಲಿ ನನ್ನ ಇಂಗ್ಲಿಷನ್ನು ಕೇಳುವವರಿಲ್ಲ; ಅಲ್ಲಿ ಎಲ್ಲರ ಕಿವಿಯೂ ಗಂಟೆಯ ಮೇಲೆ. ಹಾಗಾಗಿ ನನ್ನ ಪಾಂಡಿತ್ಯವೆಲ್ಲ ಅರ್ಜಿಗಳಿಗೆ ಮೀಸಲು. ಒಬ್ಬರ ತೆಂಗಿನ ಗರಿ ಇನ್ನೊಬ್ಬರ ಹೆಂಚಿನ ಮೇಲೆ ಬಿದ್ದ ಬಗ್ಗೆ ಒಮ್ಮೆ ಬರೆದುಕೊಟ್ಟಿದ್ದೆ. ಅದನ್ನು ಓದಿಸಿ ಕೇಳಿದ ಪಂಚಾಯಿತಿ ಛೇರ್ಮನ್ನರು ಎಲ್ಲೋ ಯುದ್ಧವೇ ಶುರುವಾಗಿದೆ ಎಂದುಕೊಂಡರಂತೆ. ಇದನ್ನು ಕೇಳಿ ನಾನು ಒಂದು ವಾರ ಎದೆಯುಬ್ಬಿಸಿ ಓಡಾಡಿದೆ. ಇದೇ ಚಟ ಒಂದು ದಿನ ನನ್ನ ಮನೆಯ ಕಾಫಿಗೇ ಕಲ್ಲು ಹಾಕುತ್ತದೆ ಎಂದು ನಾನು ಎಣಿಸಿರಲಿಲ್ಲ.

ಕಾಫಿ ಅಂದೆನಲ್ಲ, ಮೊದಲು ಗೌರಿಯ ವಿಷಯ ಹೇಳಬೇಕು. ಗೌರಿ ನಮ್ಮ ಹಸು. ನನ್ನ ಹೆಂಡತಿ ಸರೋಜಳ ತವರಿನಿಂದ ಬಂದದ್ದಾದ್ದರಿಂದ ಅದರ ಗುಣದ ಬಗ್ಗೆ ನಾನು ಚಕಾರ ಎತ್ತುವಂತಿರಲಿಲ್ಲ. ಹಾಲು ಗಟ್ಟಿ, ಒದೆ ಅದಕ್ಕಿಂತ ಗಟ್ಟಿ. ಸರೋಜಳನ್ನೂ ಅದು ಹತ್ತಿರ ಸೇರಿಸುತ್ತಿರಲಿಲ್ಲ; ಸುತ್ತಮುತ್ತ ಅದರ ಕೆಚ್ಚಲಿಗೆ ಕೈ ಹಾಕಬಲ್ಲವನೆಂದರೆ ಕೆಂಪಣ್ಣ ಒಬ್ಬನೇ. ಅವನು ಪಕ್ಕದ ಹಳ್ಳಿಯ ಗೌಡರ ಪೈಕಿ. ತುಂಡು ಗದ್ದೆ ಇತ್ತು, ಕಬ್ಬು ಕಡಿಯುವ ಕಾಲದಲ್ಲಿ ಕೂಲಿಗೂ ಹೋಗುತ್ತಿದ್ದ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಕರಿ ಕಂಬಳಿ ಹೊದ್ದು ಬರುವುದು, ‘ಅತ್ಲಾಗ್ ಸರಿಯೇ ಮೂದೇವಿ’ ಎಂದು ಗೌರಿಯನ್ನು ಗದರುವುದು, ತಂಬಿಗೆ ತುಂಬಿಸಿ ಕೊಡುವುದು. ನಾನು ‘ಗೌರಮ್ಮ, ಗೌರಮ್ಮ’ ಎಂದು ಅಷ್ಟು ಮರ್ಯಾದೆಯಿಂದ ಕರೆದರೂ ಕೊಂಬು ಆಡಿಸುತ್ತಿದ್ದ ಆ ಹಸು ಅವನ ಬೈಗುಳಕ್ಕೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

ಹೀಗಿರುವಾಗ ನಮ್ಮ ತಾಲ್ಲೂಕಿಗೆ ಪ್ರವಾಸೋದ್ಯಮ ಬಂತು. ಅದುವರೆಗೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ಮದ್ದೂರಿನಲ್ಲಿ ಮಾಡುತ್ತಿದ್ದದ್ದು ಒಂದೇ ಕೆಲಸ: ವಡೆ ತಿಂದು ಕೈ ಒರೆಸಿಕೊಳ್ಳುವುದು. ಈಗ ಗೆಜ್ಜಲಗೆರೆ ಕಡೆಯ ಹೆದ್ದಾರಿ ಪಕ್ಕದಲ್ಲಿ ಗಾಜಿನ ಬಾಗಿಲಿನ ಒಂದು ಟೂರಿಸ್ಟ್ ಹೋಟೆಲು ಎದ್ದಿತು. ಉದ್ಘಾಟನೆಗೆ ಬಂದ ದೊಡ್ಡವರೊಬ್ಬರು ‘ಇನ್ನು ನಿಮ್ಮ ಊರಿನ ಯಾವ ಕೈಯೂ ಖಾಲಿ ಇರುವುದಿಲ್ಲ’ ಎಂದು ಭಾಷಣ ಮಾಡಿದರು. ಅವರು ಸುಳ್ಳು ಹೇಳಲಿಲ್ಲ. ಕೆಲವೇ ದಿನಗಳಲ್ಲಿ ಒಬ್ಬನ ಕೈಗೆ ಮೇಜು ಒರೆಸುವ ಬಟ್ಟೆ ಬಂತು, ಒಬ್ಬನ ಕೈಗೆ ತಟ್ಟೆ ತೊಳೆಯುವ ನಾರು ಬಂತು, ಕಾರುಗಳನ್ನು ಹಿಂದಕ್ಕೆ ಬಿಡಿಸಲು ಇನ್ನೊಬ್ಬನ ಬಾಯಿಗೆ ಪೀಪಿ ಬಂತು. ಸಂಬಳ ಕಬ್ಬು ಕಡಿಯುವ ಕೂಲಿಗಿಂತ ಕಡಿಮೆಯಂತೆ. ಆದರೆ ಕಬ್ಬು ಕಡಿಯುವವನಿಗೆ ಯಾರು ಹಿತ್ತಾಳೆ ಗುಂಡಿಯ ಕೋಟು ಹೊಲಿಸಿಕೊಡುತ್ತಾರೆ? ಗದ್ದೆ ಬಯಲಿನ ಆಳುಗಳೆಲ್ಲ ಹೆದ್ದಾರಿಗೆ ಮುಖ ಮಾಡಿದರು.

ಒಂದು ಬೆಳಿಗ್ಗೆ ಕೆಂಪಣ್ಣ ತಂಬಿಗೆ ಇಟ್ಟವನು ಹೋಗದೆ ಕಂಬ ಹಿಡಿದುಕೊಂಡು ನಿಂತ.

“ಮೇಷ್ಟ್ರೇ, ಆ ಟೂರಿಷ್ಟು ಓಟ್ಲಲ್ಲಿ ಬಾಗ್ಲು ತಾವ ನಿಂತ್ಕೊಳಕೆ ಒಬ್ಬ ಬೇಕಂತೆ. ನಂಗೊಂದ್ ಅರ್ಜಿ ಬರ್ಕೊಡಿ.”

“ಬಾಗಿಲ ಹತ್ತಿರ ನಿಂತು ಏನಯ್ಯ ಮಾಡಬೇಕು?”

“ಏನೂ ಮಾಡಂಗಿಲ್ವಂತೆ. ಬಂದೋರ್ಗೆ ಬಾಗ್ಲು ತಗ್ಯದು, ಸಲಾಮ್ ಒಡಿಯದು. ಅಷ್ಟೇಯ.”

“ಸಂಬಳ?”

“ಸಂಬ್ಳದ ಮಾತು ಬುಡಿ. ಜರಿ ಪೇಟ ಕೊಡ್ತರಂತೆ” ಎಂದವನು ದನಿ ತಗ್ಗಿಸಿದ. “ನಮ್ ಮಗ್ಳು ಜಯನ್ನ ನೋಡ್ಕೊಂಡ್ ಓಗವ್ರೆ ಮೇಷ್ಟ್ರೇ, ದೊಡ್ಡಿ ಅನ್ನೋ ಊರೋರು. ಉಡ್ಗ ಸಕ್ಕರೆ ಕಾರ್ಖಾನೇಲಿ ಕೆಲ್ಸದಲ್ಲವ್ನೆ. ಎಣ್ಣಿನಪ್ಪ ಏನ್ ಮಾಡ್ಕೊಂಡವ್ನೆ ಅಂತ ಕೇಳುದ್ರು. ಮಂದಿ ಮನೇಲಿ ಆಲು ಕರೀತೀನಿ ಅಂತ ಎಂಗ್ ಏಳನ ಏಳಿ?”

ಆ ‘ಮಂದಿ’ ನಾನೇ ಅನ್ನುವುದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅರ್ಜಿ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಕೈ ಪೆನ್ನು ಹುಡುಕುತ್ತಿತ್ತು. ಅತಿಥಿ ಸತ್ಕಾರವೆಂಬುದು ಕೆಂಪಣ್ಣನ ವಂಶದ ರಕ್ತದಲ್ಲೇ ಹರಿದು ಬಂದಿದೆ ಎಂದು ಬರೆದೆ. ನನ್ನ ಇಂಗ್ಲಿಷಿನಲ್ಲಿ ಅವನ ತಾತ ಅರಮನೆಗೆ ಹೋಗಿ ಬರುವವನಾದ. ಜೊತೆಗೆ ಸನ್ನಡತೆಯ ಪತ್ರವೊಂದಕ್ಕೆ ನಾನೇ ಸಹಿ ಹಾಕಿದೆ. ವಾರ ಕಳೆಯುವುದರೊಳಗೆ, ಮೂರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತೇವೆಂಬ ಷರತ್ತಿನ ಮೇಲೆ, ಕೆಲಸ ಸಿಕ್ಕಿತು. ಬೆಳಗಿನ ಮೊದಲ ಬಸ್ಸು ಬರುವ ಹೊತ್ತಿಗೆ ಅವನು ಪೇಟ ಕಟ್ಟಿ ಬಾಗಿಲಲ್ಲಿರಬೇಕು. ಆಗ ನನಗೆ ಹೊಳೆಯಿತು.

“ರೀ, ನಾಳೆಯಿಂದ ಹಾಲು ಯಾರು ಕರೀತಾರೆ? ನಿಮ್ಮ ಇಂಗ್ಲಿಷೋ?” ಅಂದಳು ಸರೋಜ.

ಬೇರೆ ಆಳಿಗಾಗಿ ಊರೆಲ್ಲ ಸುತ್ತಿದೆ. ಒಬ್ಬ ಪೀಪಿ ಊದಲು ಹೋಗಿದ್ದ, ಒಬ್ಬ ಈರುಳ್ಳಿ ಹೆಚ್ಚಲು ಹೋಗಿದ್ದ, ಮತ್ತೊಬ್ಬ ಶಿವನಸಮುದ್ರದ ಹತ್ತಿರ ಪ್ರವಾಸಿಗಳಿಗೆ ಸೌತೆಕಾಯಿ ಮಾರುತ್ತೇನೆಂದು ಮಳವಳ್ಳಿ ಬಸ್ಸು ಹತ್ತಿದ್ದ. ಕೊನೆಗೆ ಪಂಚೆ ಎತ್ತಿ ಕಟ್ಟಿ ನಾನೇ ಕೂತೆ. ಗೌರಿ ಒಂದೇ ಸಲ ಒದ್ದಳು. ತಂಬಿಗೆ ಬಾವಿಕಟ್ಟೆಗೆ ಹೋಯಿತು, ನಾನು ಕಲಗಚ್ಚಿನ ಬಾನಿಗೆ ಹೋದೆ. ನಾಲ್ಕನೆಯ ದಿನ ಕೆಂಪಣ್ಣನೇ ಮರುಕಪಟ್ಟು, ಕೆಲಸಕ್ಕೆ ಹೋಗುವ ದಾರಿಯಲ್ಲಿ, ಹಿತ್ತಾಳೆ ಗುಂಡಿ ಮಿಂಚಿಸಿಕೊಂಡು ಕೊಟ್ಟಿಗೆಗೆ ಬಂದ. ಗೌರಿ ಆ ಪೇಟವನ್ನೂ ಕೋಟನ್ನೂ ಮೇಲಿಂದ ಕೆಳಗೆ ನೋಡಿದಳು. ಹನ್ನೊಂದು ವರ್ಷದ ಸ್ನೇಹವನ್ನೂ ನೋಡದೆ ಝಾಡಿಸಿ ಒದ್ದಳು. ಜರಿ ಪೇಟ ಸಗಣಿ ಮುಟ್ಟುವ ಮುಂಚೆ ನಾನೇ ಹಾರಿ ಹಿಡಿದೆ. “ಅವ್ಳಿಗೆ ಗುರ್ತೇ ಸಿಗ್ನಿಲ್ಲ ಕಣಮ್ಮ” ಎಂದು ಕೆಂಪಣ್ಣ ಸರೋಜಳ ಕಡೆ ತಿರುಗಿ ಹೇಳಿದಾಗ ಅವನ ಮುಖದಲ್ಲಿ ಬೇಸರ ಎಷ್ಟಿತ್ತೋ ಹೆಮ್ಮೆಯೂ ಅಷ್ಟೇ ಇತ್ತು. ಕೋಟು ಬಿಚ್ಚಿಟ್ಟು ಮತ್ತೆ ಕಂಬಳಿ ಹೊದೆಯಲು ಅವನು ಒಪ್ಪಲಿಲ್ಲ; ಅಂದಿನಿಂದ ಹಾಲೆಲ್ಲ ಕರುವಿನ ಪಾಲಾಯಿತು. ನಮ್ಮ ಮನೆಯಲ್ಲಿ ಪ್ರವಾಸೋದ್ಯಮದಿಂದ ಉದ್ಧಾರವಾದ ಪ್ರಾಣಿ ಅದೊಂದೇ. ಕೊಟ್ಟಿಗೆಯಲ್ಲಿ ಹಸುವಿದ್ದೂ ಹಾಲು ಕೊಳ್ಳಲು ನಾಚಿ, ಸರೋಜಳೂ ನಾನೂ ಬೆಲ್ಲದ ಕರಿ ಕಾಫಿ ಕುಡಿದು ಒಬ್ಬರ ಮುಖ ಒಬ್ಬರು ನೋಡದೆ ದಿನ ತಳ್ಳಿದೆವು.

ಎರಡು ತಿಂಗಳು ಕಳೆದಿರಬೇಕು. ಒಂದು ಭಾನುವಾರ ನಮ್ಮ ಬಾಗಿಲಿಗೆ ಅಂಬಾಸಿಡರ್ ಕಾರು ಬಂದು ನಿಂತಿತು. ಗಂಡ, ಹೆಂಡತಿ, ಒಬ್ಬರು ಅಜ್ಜಿ ಇಳಿದು ಚಪ್ಪಲಿ ಬಿಟ್ಟು ನೇರ ಒಳಗೆ ಬಂದರು. ಯಾರೋ ಸರೋಜಳ ಕಡೆಯವರಿರಬೇಕೆಂದು ನಾನು ಚಾಪೆ ಹಾಸಿದೆ. ನನ್ನ ಕಡೆಯವರಿರಬೇಕೆಂದು ಅವಳು ನೀರು ಬೆಲ್ಲ ತಂದಳು. ಕೂತು ಸುಧಾರಿಸಿಕೊಂಡ ಮೇಲೆ ಅಜ್ಜಿ, “ಗೌರಿ ಹಾಲಿನ ಕಾಫಿ ಇಲ್ಲೇ ಅಲ್ವೇನಪ್ಪ?” ಅಂದರು.

ವಿಚಾರಿಸಿದರೆ ಎಲ್ಲ ಕೆಂಪಣ್ಣನ ಕೃಪೆ. ಹೋಟೆಲಿನ ಬಾಗಿಲಿಗೆ ಬಂದವರಿಗೆ ಸಲಾಮು ಹೊಡೆದು ಸುಮ್ಮನಿರಬೇಕಾದವನು, ಬಂದವರನ್ನು ಮಾತಾಡಿಸದೆ ಒಳಗೆ ಬಿಡುವುದು ಮನುಷ್ಯತ್ವವಲ್ಲವೆಂದು ತಿಳಿದಿದ್ದ. ‘ಯಾವೂರು? ಯಾರ ಪೈಕಿ? ಊಟ ಆಯ್ತಾ?’ ಈ ಮೂರಕ್ಕೂ ಉತ್ತರ ಬಂದ ಮೇಲೇ ಗಾಜಿನ ಬಾಗಿಲು ತೆರೆಯುತ್ತಿತ್ತು. ಊಟವಾಗಿದೆ ಅಂದವರಿಗೆ ‘ಅಂಗಾದ್ರೆ ಇನ್ಯಾಕೆ ಒಳೀಕೆ? ಇಲ್ಲೇ ನೆಳ್ಳಲ್ಲಿ ಕೂತ್ಕಂಡು ದಣಿವಾರಿಸ್ಕಳಿ’ ಎಂಬ ಸಲಹೆ. ಬರೀ ಕಾಫಿ ಸಾಕು ಅಂದ ಈ ಅಜ್ಜಿಗೆ ಅವನು ಹೇಳಿದ್ದು ಇದು: “ಇಲ್ಲಿ ಪುಡಿ ಆಲು ಕಣಜ್ಜಿ, ನಿಮ್ ವಯಸ್ಸಿಗೆ ಆಗಾಕಿಲ್ಲ. ಪ್ಯಾಟೇಲಿ ನಮ್ ಮೇಷ್ಟ್ರ ಮನೆ ಅದೆ. ನನ್ ಎಸ್ರು ಏಳಿ, ಗೌರಿ ಆಲಿನ ಕಾಪಿ ಕೊಡ್ತರೆ.”

ಮನೆಗೆ ಬಂದ ಅಜ್ಜಿಗೆ ಇಲ್ಲವೆನ್ನಲಾದೀತೇ? ಸರೋಜ ಹಿತ್ತಲಿನಿಂದ ಓಡಿ ಪಕ್ಕದ ಮನೆಯಿಂದ ಹಾಲು ತಂದಳು. ಅಜ್ಜಿ ಎರಡು ಲೋಟ ಕುಡಿದು, ‘ಎಂಥಾ ಗೌರಿ, ಎಂಥಾ ಹಾಲು’ ಎಂದು ಪಕ್ಕದ ಮನೆಯ ಎಮ್ಮೆಯ ಹಾಲನ್ನು ಹೊಗಳಿ ಹರಸಿ ಹೋದರು. ಮುಂದಿನ ಭಾನುವಾರ ಎರಡು ಕಾರು ಬಂದವು. ಎರಡನೆಯದರಲ್ಲಿ ಬಿಳಿಯ ದಂಪತಿಗಳು. ನನ್ನ ಇಂಗ್ಲಿಷ್ ಕೇಳಬಲ್ಲವರು ಜೀವಮಾನದಲ್ಲಿ ಮೊದಲ ಬಾರಿ ಮನೆಬಾಗಿಲಿಗೆ ಬಂದಿದ್ದರು, ಮತ್ತು ನಾನು ಅವರೊಡನೆ ಮಾತಾಡಬೇಕಾದ ಹೊತ್ತಿನಲ್ಲಿ ತಂಬಿಗೆ ಹಿಡಿದು ಬೀದಿಯಲ್ಲಿ ಹಾಲಿಗೆ ಅಲೆಯುತ್ತಿದ್ದೆ. ಅವರು ಹೋದ ಮೇಲೆ ಸರೋಜ ಒಂದೇ ಮಾತು ಹೇಳಿದಳು. “ಅವನನ್ನು ಆ ಬಾಗಿಲಿಂದ ಬಿಡಿಸಿ. ಇಲ್ಲದಿದ್ರೆ ನಾನೇ ಹೋಗಿ ಅಲ್ಲಿ ನಿಂತ್ಕೋತೀನಿ.”

ನಾನು ಸೈಕಲ್ ಹತ್ತಿ ಹೋದೆ. ನಿಜ ಹೇಳುತ್ತೇನೆ, ಕೆಂಪಣ್ಣನ ಕೆಲಸ ಕಳೆಯಲೆಂದೇ ಹೋದೆ. ಕೆಲಸ ಹೋದರೆ ಕೋಟು ಹೋಗುತ್ತದೆ, ಕೋಟು ಹೋದರೆ ಕಂಬಳಿ ಬರುತ್ತದೆ, ಕಂಬಳಿ ಬಂದರೆ ಹಾಲು ಬರುತ್ತದೆ. ದಾರಿಯುದ್ದಕ್ಕೂ ನನ್ನ ಲೆಕ್ಕ ಇಷ್ಟೇ ಇತ್ತು. ಬಾಗಿಲಲ್ಲಿ ಅವನು ಹೊಡೆದ ಸಲಾಮಿಗೆ ನಾನು ಮುಖ ತಿರುಗಿಸಿಕೊಂಡು ಒಳಗೆ ನಡೆದೆ.

ಮ್ಯಾನೇಜರು ಮಂಗಳೂರು ಕಡೆಯವರು. ನನ್ನ ಹೆಸರು ಕೇಳಿದ್ದೇ ಕುರ್ಚಿ ಎಳೆದು ಕೂರಿಸಿದರು. “ಒಳ್ಳೆ ಸಮಯಕ್ಕೆ ಬಂದಿರಿ ಮಾರಾಯ್ರೆ. ಸನ್ನಡತೆಯ ಪತ್ರಕ್ಕೆ ನಿಮ್ಮದೇ ಸಹಿ ಉಂಟಲ್ಲ? ಈ ಕೆಂಪಣ್ಣ ಬಂದ ಗಿರಾಕಿಯನ್ನು ಹೊರಗೆ ಕೂರಿಸಿ ಹರಟುತ್ತಾನೆ. ಆದರೆ ಕೆಲವರು ಅವನನ್ನು ಮಾತಾಡಿಸಲಿಕ್ಕೆ ಅಂತಲೇ ಗಾಡಿ ನಿಲ್ಲಿಸುತ್ತಾರೆ. ನನಗೆ ಒಂದೂ ಅರ್ಥ ಆಗುವುದಿಲ್ಲ. ಇಟ್ಟುಕೊಳ್ಳುವುದೋ, ಕಳಿಸುವುದೋ? ನೀವು ಹೇಳಿದ ಹಾಗೆ.”

ಕಳಿಸಿ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಗಾಜಿನಾಚೆ ಬಸ್ಸಿನಿಂದ ನಾಲ್ಕು ಜನ ಇಳಿದರು. ಮುಂದೆ ಬಿಳಿ ಪಂಚೆಯ ಹಿರಿಯರು. ಕೆಂಪಣ್ಣ ಕೋಟು ಎಳೆದುಕೊಂಡು ನೆಟ್ಟಗೆ ನಿಂತು ಸಲಾಮು ಹೊಡೆದ. ಹಿರಿಯರು ತಬ್ಬಿಬ್ಬಾಗಿ ತಾವೂ ಒಂದು ಸಲಾಮು ಹೊಡೆದರು. ಇಬ್ಬರೂ ನಕ್ಕರು. ಅವರನ್ನು ಒಳಗೆ ಕರೆತಂದ ಕೆಂಪಣ್ಣ ನನ್ನ ಮುಂದೆಯೇ ನಿಲ್ಲಿಸಿದ. “ಇವ್ರೇಯ ನಮ್ ಮೇಷ್ಟ್ರು. ಇವ್ರು ಬರ್ದಿದ್ಕೇ ಈ ಪೇಟ ನನ್ ತಲೆ ಮ್ಯಾಲೆ ಕುಂತಿರದು. ಮೇಷ್ಟ್ರೇ, ಇವ್ರು ದೊಡ್ಡಿಯೋರು, ನಮ್ ಬೀಗ್ರು.”

ಬೀಗರಾಗುವ ಹಿರಿಯರು ನನಗೆ ಕೈ ಮುಗಿದು, “ಇಂಥಾ ಮನ್ಸನ್ ಮನೆ ಎಣ್ಣು ತರಕ್ಕೆ ಪುಣ್ಯ ಬೇಕು ಸ್ವಾಮಿ” ಅಂದರು. ನಾನು ಕೆಂಪಣ್ಣನ ಮುಖ ನೋಡಿದೆ. ಹನ್ನೊಂದು ವರ್ಷ ನಮ್ಮ ಕೊಟ್ಟಿಗೆಗೆ ಬಗ್ಗಿಕೊಂಡೇ ಬಂದು ಬಗ್ಗಿಕೊಂಡೇ ಹೋದವನು ಇಷ್ಟು ಎತ್ತರ ಇದ್ದಾನೆಂದು ನನಗೆ ಗೊತ್ತೇ ಇರಲಿಲ್ಲ. ನನಗೆ ನಾಚಿಕೆಯಾಯಿತು. ಒಂದು ಲೋಟ ಕಾಫಿಗೆ ಒಬ್ಬ ಹುಡುಗಿಯ ಮದುವೆ ಮುರಿಯಲು ಸೈಕಲ್ ತುಳಿದುಕೊಂಡು ಬಂದಿದ್ದೆನಲ್ಲ!

“ಇಟ್ಟುಕೊಳ್ಳಿ. ಇಂಥವನು ಹುಡುಕಿದರೂ ಸಿಕ್ಕುವುದಿಲ್ಲ” ಎಂದೆ ಮ್ಯಾನೇಜರಿಗೆ. ಸಿಕ್ಕುವುದಿಲ್ಲವೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಜಯಳ ಮದುವೆಯಾಯಿತು, ಕೆಂಪಣ್ಣನ ಕೆಲಸವೂ ಕಾಯಂ ಆಯಿತು. ನಮ್ಮ ಮನೆಯ ಕಾಫಿ ಹೋಟೆಲಿಗೇ ನಷ್ಟವೆಂದು ಮ್ಯಾನೇಜರು ಅವನಿಗೆ ತಿಳಿಹೇಳಿದ್ದರಿಂದ ಕಾರುಗಳು ಬರುವುದು ನಿಂತಿತು. ಮದುವೆಯ ಮಾರನೆಯ ದಿನ ಅವನು ಹಳೆಯ ಕರಿ ಕಂಬಳಿಯನ್ನು ಮಡಿಸಿ ತಂದು ನನ್ನ ಕೈಗಿಟ್ಟ. “ನಂಗೆ ಕೋಟ್ ಅದಲ್ಲ, ಇದ್ಯಾಕೆ? ನೀವೇ ಮಡಿಕ್ಕಳಿ. ಗೌರಿ ಈ ವಾಸ್ನೆಗೆ ಬಗ್ತಾಳೆ. ಆದ್ರೆ ಮರ್ವಾದೆ ಕೊಟ್ಟು ಮಾತಾಡ್ಸಿ ಕೆಡಿಸ್ಬೇಡಿ.”

ಅವನ ಮಾತು ಸುಳ್ಳಾಗಲಿಲ್ಲ. ಆ ಕಂಬಳಿ ಹೊದ್ದು, ‘ಅತ್ಲಾಗ್ ಸರಿಯೇ ಮೂದೇವಿ’ ಎಂದು ಗದರಿ, ಈಗ ದಿನಾ ಬೆಳಿಗ್ಗೆ ನಾನೇ ಹಾಲು ಕರೆಯುತ್ತೇನೆ. ಕೆಂಪಣ್ಣ ಸೈಕಲ್ಲಿನಲ್ಲಿ ಬೀದಿ ಹಾದುಹೋಗುವಾಗ ಬೆಲ್ಲು ಹೊಡೆಯುತ್ತಾನೆ. ನಾನು ಕೊಟ್ಟಿಗೆಯಿಂದಲೇ ಕೈ ಎತ್ತುತ್ತೇನೆ. ಸಲಾಮು ಅಂತ ಅಲ್ಲ, ಆದರೂ ನೋಡಿದವರಿಗೆ ಹಾಗೇ ಕಾಣುತ್ತದಂತೆ.

ಮೊನ್ನೆ ಹೀಗೇ ಕುಕ್ಕರಗಾಲಿನಲ್ಲಿ ಕೂತು ಕರೆಯುತ್ತಿದ್ದಾಗ ಬೆಸಗರಹಳ್ಳಿ ಕಡೆಯ ನಡುವಯಸ್ಸಿನವನೊಬ್ಬ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತ.

“ಲೇ, ಮೇಷ್ಟ್ರು ಅವ್ರೇನ್ಲಾ? ಓಟ್ಲು ಕೆಲ್ಸಕ್ಕೆ ಅರ್ಜಿ ಬರ್ಸ್ಬೇಕಾಗಿತ್ತು.”

ಕಂಬಳಿಯ ಮಹಿಮೆಯೋ ಏನೋ, ನನ್ನ ಬಾಯಿಂದಲೂ ಅದೇ ಧಾಟಿಯ ಮಾತು ಬಂತು. “ಮೇಷ್ಟ್ರು ಅರ್ಜಿ ಬರ್ಯದ ಬುಟ್ಬುಟ್ರು ಕಣ್ಲಾ, ಓಗು.”

ಅವನು ಹೋಗಲಿಲ್ಲ. ನನ್ನನ್ನೂ ಕಂಬಳಿಯನ್ನೂ ತಂಬಿಗೆಯನ್ನೂ ಒಂದು ಗಳಿಗೆ ನೋಡಿ, ಮರುಕದಿಂದ ಲೊಚಗುಟ್ಟಿದ.

“ಊರೋರ್ಗೆಲ್ಲ ಕೆಲ್ಸ ಕೊಡ್ಸುದ್ರಂತೆ. ದಿನಾ ಅವ್ರ ಮನೇಲೇ ಸಗಣಿ ಬಾಚೋ ನಿಂಗೊಂದ್ ಅರ್ಜಿ ಬರ್ಕೊಡ್ನಿಲ್ವೇನ್ಲಾ, ಪಾಪ?”

ಮೇಷ್ಟ್ರು ನಾನೇ ಎನ್ನಲು ತಲೆಯೆತ್ತಿದೆ. ಕಂಬಳಿ ಜಾರಿತು, ಗೌರಿಗೆ ನನ್ನ ಗುರುತು ಸಿಕ್ಕಿತು. ಒದ್ದಳು.