ಬೀಗಲ್ ನಾಯಿಯ ಮೂಗು

ದನದ ಡಾಕ್ಟರಾಗಿ ಕೋಟಗಿರಿ ಕಡೆ ಇದ್ದಷ್ಟು ದಿನ, ಚಿಕಿತ್ಸೆ ಬೇಕಾಗಿರುವುದು ನಾಯಿಗೋ ಯಜಮಾನರಿಗೋ ಎಂದು ತಿಳಿಯದ ಪ್ರಸಂಗಗಳು ನಡೆಯುತ್ತಲೇ ಇದ್ದವು. ತೊಂಬತ್ತರ ದಶಕದಲ್ಲಿ ಕೂಕಲ್ತೊರೈ ಹಳ್ಳಿಯ ಟೀ ಬೆಳೆಗಾರರೊಬ್ಬರು ಬೀಗಲ್ ಜಾತಿಯ ಬೇಟೆನಾಯಿ ತಂದರು. ಅವರ ಆಲೂಗಡ್ಡೆಯನ್ನು ಕಾಡುಹಂದಿಗಳು ಕಿತ್ತು ತಿನ್ನುತ್ತಿದ್ದವು. ಹಂದಿಗಳ ಕಾಟ ನಿಲ್ಲದಿದ್ದರೆ ಆ ವರ್ಷದ ಬೆಳೆಯೇ ಇಲ್ಲ.

ವಂಶ

ನಾಯಿಗಿಂತ ಮೊದಲು ಅದರ ಸರ್ಟಿಫಿಕೇಟು ನನ್ನ ಮೇಜಿನ ಮೇಲೆ ಬಂತು.

"ಇದರ ಮುತ್ತಜ್ಜ ಇಂಗ್ಲೆಂಡಲ್ಲಿ ದೊರೆಗಳ ಜೊತೆ ಮೊಲದ ಬೇಟೆಗೆ ಹೋಗ್ತಿದ್ದ, ಡಾಕ್ಟ್ರೇ. ಹೆಸರೂ ಬರೆದಿದೆ ನೋಡಿ."

"ನಿಮ್ಮ ಮುತ್ತಜ್ಜನ ಹೆಸರೇನು?" ಎಂದೆ.

ತಲೆ ಕೆರೆದುಕೊಂಡರು. "ಅದು ನಮ್ಮಕ್ಕನಿಗೆ ಗೊತ್ತಿರಬೇಕು."

ಆರೋಗ್ಯ

ಜೋಲು ಕಿವಿ ಮಂಜಿಗೆ ಸೋರುತ್ತದೆ, ಒರೆಸಿ ಒಣಗಿಸಿ. ಈ ಜಾತಿ ಬೇಗ ಕೊಬ್ಬುತ್ತದೆ, ಊಟ ಅಳೆದು ಹಾಕಿ ಎಂದಿದ್ದೆ. ಎರಡು ತಿಂಗಳಲ್ಲಿ ನಾಯಿ ಪೀಪಾಯಿಯಾಗಿತ್ತು.

"ನೀವು ಹೇಳಿದ ಒಂದೇ ಲೋಟ!" ಎಂದು ಯಜಮಾನರು ಆಣೆ ಮಾಡಿದರು.

ಅವರ ಹೆಂಡತಿ, "ಅದು ನಮ್ಮನೇಲಿ. ಆಮೇಲೆ ಹಟ್ಟಿಯ ಹನ್ನೊಂದು ಮನೆಗೂ ಹೋಗ್ತದೆ. ಬಂದವರನ್ನ ಬರಿಹೊಟ್ಟೇಲಿ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ" ಎಂದರು.

ಸ್ವಭಾವ

ಹಂದಿಗಳು ಬಂದವು. ನಾಯಿ ಬಾಲ ಅಲ್ಲಾಡಿಸಿ ಬರಮಾಡಿಕೊಂಡಿತು. ಯಜಮಾನರು ನನ್ನ ಮೇಲೆ ಹರಿಹಾಯ್ದರು.

"ಇದು ಸ್ನೇಹದ ಜಾತಿ. ವಾಸನೆ ಹಿಡಿದು ಹುಡುಕಿ ಕೂಗೋದಷ್ಟೇ ಅದರ ಕೆಲಸ. ಹಂದಿ ಎಲ್ಲಿದೆ ಅಂತ ತೋರಿಸ್ತದೆ" ಎಂದೆ.

"ಎಲ್ಲಿದೆ ಅಂತ ನನಗೂ ಗೊತ್ತು ಡಾಕ್ಟ್ರೇ! ನನ್ನ ಆಲೂಗಡ್ಡೆ ಮೇಲಿದೆ!"

ಪರೀಕ್ಷೆ

ಕಾಡುಹಂದಿ ಹೊಡೆದು ಕೊಂದರೆ ಕೇಸು. ಹಾಗಾಗಿ ಅವರು ಹಂದಿ ಓಡಿಸಿಕೊಡಿ ಎಂದು ಅರಣ್ಯ ಇಲಾಖೆಗೆ ಅರ್ಜಿ ಹಾಕಿದರು. ರೇಂಜರ್ ಬಂದ ದಿನ ನಾನೂ ನಾಯಿಯ ಕಿವಿ ನೋಡಲು ಹೋಗಿದ್ದೆ.

"ಬೇಟೆನಾಯಿ ಇಟ್ಕೊಂಡು ನಮಗೆ ಅರ್ಜಿ ಯಾಕೆ?" ಎಂದು ರೇಂಜರ್ ನಕ್ಕರು.

ಯಜಮಾನರಿಗೆ ಚುಚ್ಚಿತು. ಹಂದಿಯ ಹೆಜ್ಜೆ ಮೂಸಿಸಿ ನಾಯಿ ಬಿಟ್ಟರು. ಅದು ಕೂಗುತ್ತ ಟೀ ಗಿಡಗಳ ನಡುವೆ ಓಡಿತು. ನಾವು ಏದುಸಿರು ಬಿಡುತ್ತ ಹಿಂದೆ. ಕಾಡಿನ ಕಡೆ ಹೋಗಬೇಕಾದ್ದು ಮನೆಯ ಕಡೆ ತಿರುಗಿತು. ಹಿತ್ತಲು ದಾಟಿ ಅಡುಗೆಮನೆಗೆ ನುಗ್ಗಿ, ಒಲೆಯ ಮೇಲಿನ ಪಾತ್ರೆಯ ಮುಂದೆ ನಿಂತು ಊರೆಲ್ಲ ಕೇಳುವಂತೆ ಕೂಗಿತು. ಯಜಮಾನರ ಮುಖ ಬಿಳಿಚಿಕೊಂಡಿತು. ನಿಜ ಹೇಳಬೇಕೆಂದರೆ ನನಗೆ ಅಯ್ಯೋ ಎನಿಸಿತು.

"ಕೋಳಿ ಸಾರ್... ಕೋಳಿ ಸಾರು" ಎಂದು ತೊದಲಿದರು.

ರೇಂಜರ್ ಪಾತ್ರೆ ಮುಟ್ಟಲೂ ಇಲ್ಲ. "ಹಾಗಾದ್ರೆ ಕೋಳಿಗೂ ಹಂದಿಗೂ ವ್ಯತ್ಯಾಸ ಗೊತ್ತಿಲ್ಲದ ನಾಯಿ. ಇಂಗ್ಲೆಂಡೂ ಇಲ್ಲ, ಏನೂ ಇಲ್ಲ. ಯಾವುದೋ ಬೀದಿನಾಯಿ ತಲೆಗೆ ಕಟ್ಟಿದ್ದಾರೆ ನಿಮಗೆ" ಎಂದು ಹೊರಟರು.

ಅಲ್ಲಿಗೆ ಯಜಮಾನರು ಕೇಸಿನಿಂದ ಬದುಕಿದರು ಅಂದುಕೊಂಡೆ. ಆದರೆ ಅವರು ಕೆಂಡವಾದರು.

"ಬೀದಿನಾಯಿಯಾ? ಬನ್ನಿ ಸಾರ್ ಇಲ್ಲಿ! ಮುಚ್ಚಳ ತೆಗೆದು ನೋಡಿ, ಹಂದಿಯೇ!"